ಪೇಪರು ಓದಿಸಿಕೊಳ್ಳುತ್ತಿದ್ದ ಮೇಸ್ತ್ರಿ

ಕಾಫಿ ಒಣಗಿಸುವ ಕಣದ ಮೇಸ್ತ್ರಿಯ ಮುಂದಿನ ಹಲ್ಲೊಂದು ಅರ್ಧ ಸವೆದಿತ್ತು. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೋ ಇಲ್ಲವೋ ಎಂದು ನಲವತ್ತು ವರ್ಷ ಬೀಜ ಕಚ್ಚಿ ನೋಡಿದ ಹಲ್ಲು ಅದು. ಅವರಿಗೆ ಅಕ್ಷರ ಬಾರದು. ಬಿ.ಎ. ಮುಗಿಸಿ ತೋಟದ ಆಫೀಸಿಗೆ ಸೇರಿದ್ದ ನನ್ನಿಂದ ದಿನವೂ ಪೇಪರು ಓದಿಸಿಕೊಳ್ಳುತ್ತಿದ್ದರು. ಏನು ಓದಿದರೂ ಒಂದೇ ಪ್ರಶ್ನೆ: "ಇದನ್ನ ನೋಡಿದ್ದು ಯಾರಯ್ಯಾ?" ನನಗೆ ರೇಗುತ್ತಿತ್ತು. ಅಚ್ಚಾದ ಮೇಲೆ ಇನ್ನೇನು ಎನ್ನುವ ವಯಸ್ಸು ನನ್ನದು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಉತ್ತರದಲ್ಲಿ ಹಿಂದೂ ಮುಸಲ್ಮಾನರ ಗಲಭೆ ಹೊತ್ತಿಕೊಂಡಿತ್ತು. ಒಂದೊಂದು ಪೇಪರೂ ಒಂದೊಂದು ಕಡೆಯ ಹೆಣಗಳನ್ನಷ್ಟೇ ಎಣಿಸುತ್ತಿತ್ತು. ಗೋಣಿಬೀಡಿನ ಸಂತೆಯ ದಿನ ನಾನು ಕಾಫಿ ಅಂಗಡಿಯ ಬೆಂಚು ಹತ್ತಿ ಗಟ್ಟಿಯಾಗಿ ಓದಿದೆ. ಘಟ್ಟ ಹತ್ತುವ ಬಸ್ಸನ್ನು ಮೊನ್ನೆ ಮುಸಲ್ಮಾನರು ಸುಟ್ಟರು, ಒಬ್ಬರೂ ಉಳಿಯಲಿಲ್ಲ ಎಂದು ಅಚ್ಚಾಗಿತ್ತು. ಓದುತ್ತ ನನ್ನ ದನಿ ಏರಿತು. ಮುಗಿಸುವಷ್ಟರಲ್ಲಿ ಜನ ಕತ್ತಿ ಹಿಡಿದು ಒಣಮೀನಿನ ಸಾಬರ ಅಂಗಡಿ ಮುಂದೆ ಸೇರಿದ್ದರು. ನಾನೂ ಹೋದೆ. ಸಾಬರು ಒಳಗಿನಿಂದ ಅಗುಳಿ ಹಾಕಿಕೊಂಡಿದ್ದರು. ಅವರ ಮಗು ಅಳುತ್ತಿತ್ತು. ಆ ಅಳು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಮೇಸ್ತ್ರಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

"ಏನ್ ಮೇಸ್ತ್ರಿ, ಮೀನು ಪುಕ್ಕಟೆ ಕೊಡ್ತಾನಾ ನಿಂಗೆ?" ಎಂದು ಒಬ್ಬ ಕೂಗಿದ.

"ಪುಕ್ಕಟೆ ಎಲ್ಲಿಂದ ಮಾರಾಯ, ಕೊಳೆತದ್ದನ್ನೂ ತೂಗಿ ಕೊಡ್ತಾನೆ," ಎಂದು ಮೇಸ್ತ್ರಿ ನನ್ನ ಕಡೆ ತಿರುಗಿದರು. "ಅಯ್ಯಾ, ಆ ಪೇಪರ್ ಬೆಳಿಗ್ಗೆ ಯಾರ ಕೈಲಿ ಇಸ್ಕೊಂಡ್ರಿ?"

"ಕಂಡಕ್ಟರ್ ಕೈಲಿ."

"ಯಾವ ಬಸ್ಸು?"

ಘಟ್ಟದ ಕೆಳಗಿನಿಂದ ಬರುತ್ತಿದ್ದುದು ಒಂದೇ ಬಸ್ಸು. ಸುಟ್ಟುಹೋಯಿತೆಂಬ ಸುದ್ದಿಯನ್ನು ಆ ಬಸ್ಸೇ ಹೊತ್ತು ತಂದಿತ್ತು.

"ಅದೇ ಬಸ್ಸು," ಎಂದೆ.

ಹಿಂದೆ ಯಾರೋ ನಕ್ಕರು. "ಹಾಗಾದ್ರೆ ಪೇಪರಿನ ಉಳಿದ ಸುದ್ದಿಯೂ ಸುಳ್ಳಾ?" ಎಂದು ಇನ್ನೊಬ್ಬ ಕೇಳಿದ.

"ನಂಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಕತ್ತಿ ಕೆಳಗಿಡು," ಎಂದರು ಮೇಸ್ತ್ರಿ.

ಜನ ಒಬ್ಬೊಬ್ಬರಾಗಿ ಚದುರಿದರು. ಮೇಸ್ತ್ರಿ ಮೊಣಕಾಲು ಹಿಡಿದು ಎದ್ದು ಬಂದು, ನನ್ನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಲ್ಲಿದ್ದ ಕಲ್ಲನ್ನು ಚರಂಡಿಗೆ ಹಾಕಿದರು. ಅದನ್ನು ಯಾವಾಗ ಎತ್ತಿಕೊಂಡೆನೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಮರುದಿನ ಎಂದಿನಂತೆ ಬಂದು ಕೂತರು. ನನಗೆ ಓದಲಾಗಲಿಲ್ಲ. "ನೀವು ಓದದಿದ್ರೆ ಇನ್ಯಾರೋ ಓದ್ತಾರೆ, ಓದಿ," ಎಂದರು.

ಮುಂದಿನ ಮಳೆಗಾಲ ಚಳಿಜ್ವರದಲ್ಲಿ ತೀರಿಕೊಂಡರು. ನೋಡಲು ಹೋದಾಗ ಅವರ ಹೆಂಡತಿ ನನಗೆ ಕೈಮುಗಿದರು. "ಅವತ್ತು ನೀವು ನಿಜ ಹೇಳಿದ್ದಕ್ಕೆ ಸಾಬರು ಉಳಿದ್ರಂತೆ. ಸಿಕ್ಕಿದೋರಿಗೆಲ್ಲ ಅದನ್ನೇ ಹೇಳ್ತಿದ್ರು," ಎಂದರು.

ಕಲ್ಲಿನ ಸಂಗತಿಯನ್ನು ಮೇಸ್ತ್ರಿ ಹೇಳದೆ ಬಿಟ್ಟಿದ್ದರು. ನಾನೂ ಅಲ್ಲಿ ಬಾಯಿ ಬಿಡಲಿಲ್ಲ.