ಕಾರಣ ಬರೆಯುವ ಪುಟ

ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು. ಇಟ್ಟವರು ಅಂಗಡಿಯ ಯಜಮಾನರು. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅದು ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಕೆಲಸದ ಆತುರದಲ್ಲಿ ಯಜಮಾನರು ಅರ್ಧ ಹೆಸರನ್ನು ನುಂಗಿ "ಭೂತಾ, ಸ್ವಲ್ಪ ಬಾಮ್ಮ" ಎಂದು ಕರೆದಾಗ ಹೊಸ ಗಿರಾಕಿಗಳು ಬೆಚ್ಚಿ ತಿರುಗುತ್ತಾರೆ. ಒಳಗಿನಿಂದ ಬರುವುದು ಬಿಳಿ ಕೋಟು ತೊಟ್ಟ, ಕೌಂಟರಿನಿಂದ ಒಂದು ಗೇಣು ಮೇಲೆ ಕಾಣುವ ಹುಡುಗಿ. ಗಾಜಿನ ಅಂಚು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಾಗಿಸುವುದು, ಎಲ್ಲದರಲ್ಲೂ ಅವಳದು ಎತ್ತಿದ ಕೈ. ಆದರೆ ಪರದೆಯ ಆಚೆಗಿನ ಕೋಣೆಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡುವ ಹಾಗಿಲ್ಲ. ಅದಕ್ಕೆ ಯಜಮಾನರ ಬಳಿ ಇರುವಂಥ ಕಾಲೇಜಿನ ಕಾಗದ ಬೇಕು. ಆ ಕಾಗದ ಅವಳ ಕೈಗೆ ಬರದೆ ಹೋದದ್ದು ಯಾಕೆಂದು ಪೂರ್ತಿ ಬಲ್ಲವರು ಇಬ್ಬರೇ. ಒಬ್ಬಳು ಅವಳು, ಇನ್ನೊಬ್ಬಳು ಅವಳ ಅಕ್ಕ.

ಅಕ್ಕ ಸಿದ್ಧ ಉಡುಪಿನ ಅಂಗಡಿಯೊಂದರ ಮಹಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು. ಕೆಳಗೆ ಮಾರಾಟವಾದ ಪ್ಯಾಂಟುಗಳ ಕಾಲು ಕತ್ತರಿಸಿ ಮಡಿಸಿ ಹೊಲಿಯುವುದು, ದಪ್ಪಗಾದವರಿಗೆ ಸೊಂಟ ಬಿಚ್ಚಿಕೊಡುವುದು, ತೆಳ್ಳಗಾಗಿದ್ದೇವೆ ಎಂದುಕೊಂಡವರಿಗೆ ಹಿಡಿದುಕೊಡುವುದು ಅವಳ ಕೆಲಸ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮದುವೆಯಾದ ಮೇಲೂ ಅವಳು ಅಮ್ಮನ ಎರಡು ಕೋಣೆಯ ಮನೆಯಲ್ಲೇ ಉಳಿದಳು. ಮಗು ಹುಟ್ಟಿದ್ದೂ ಅಲ್ಲೇ ಇರುವಾಗ. ತಂಗಿ ಆಗ ನಾಲ್ಕು ವರ್ಷದ ಹೈಸ್ಕೂಲಿನ ಮೊದಲ ವರ್ಷ.

ಮಗು ಗುಂಡುಗುಂಡಾಗಿತ್ತು. ಅಕ್ಕನೇ ಸರಿಯಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಮಗು ಅತ್ತರೆ ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಎದೆಗೆ ತಂದು ಹಿಡಿದರೆ ಯಾರದೋ ಸಾಮಾನನ್ನು ತನ್ನ ಮೇಲೆ ಇಟ್ಟ ಹಾಗೆ ನೋಡುತ್ತಿದ್ದಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವಳು. ಅವಳ ರಜೆ ಹತ್ತು ದಿನಕ್ಕೆ ತೀರಿತು.

"ಈ ವಾರ ಒಂದು ನೋಡ್ಕೊಳೆ," ಎಂದಳು ಅಮ್ಮ, ಚಪ್ಪಲಿ ಮೆಟ್ಟುತ್ತಾ. "ಸೋಮವಾರದ ಹೊತ್ತಿಗೆ ಎದ್ದು ಕೂರ್ತಾಳೆ."

ಸೋಮವಾರಗಳು ಬಂದವು, ಹೋದವು. ಹದಿನಾಲ್ಕು ವರ್ಷದ ಹುಡುಗಿ ಬಾಟಲಿ ಕುದಿಸುವುದು ಕಲಿತಳು, ಹಾಲಿನ ಬಿಸಿಯನ್ನು ಮಣಿಕಟ್ಟಿನ ಮೇಲೆ ನೋಡುವುದು ಕಲಿತಳು, ಮಗುವಿನ ತೇಗು ಬರುವವರೆಗೆ ಬೆನ್ನು ತಟ್ಟುತ್ತಾ ಕೋಣೆಯ ಉದ್ದಗಲ ಅಳೆಯುವುದು ಕಲಿತಳು. ಶಾಲೆಯಲ್ಲಿ ಕಲಿಸಿದ್ದು ಮಾತ್ರ ಅವಳಿಲ್ಲದೆ ಮುಂದೆ ಹೋಯಿತು. ಶಾಲೆಗೆ ಅಮ್ಮ ಹೇಳಿ ಕಳಿಸಿದ್ದು ಒಂದೇ ಮಾತು, ಹುಡುಗಿಗೆ ಜ್ವರ. ವರ್ಷದ ಕೊನೆಗೆ ಗಣಿತ, ವಿಜ್ಞಾನ ಎರಡರಲ್ಲೂ ನಪಾಸು.

ಅಕ್ಕ ಆಮೇಲೆ ಚೇತರಿಸಿಕೊಂಡಳು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿದರು. ಒಂದು ಬೆಳಿಗ್ಗೆ ಅವಳೇ ಎದ್ದು ಮಗುವಿಗೆ ಸ್ನಾನ ಮಾಡಿಸಿದಳು. ಅಮ್ಮ ಬಾಗಿಲ ಸಂದಿಯಿಂದ ನೋಡಿ ಸದ್ದಿಲ್ಲದೆ ಹಿಂದೆ ಸರಿದಳು. ಅಂದಿನಿಂದ ಆ ತಿಂಗಳುಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದಿದ್ದರೆ ಆಗಲೇ ಇಲ್ಲ ಎಂದು ಎಲ್ಲರೂ ಸೇರಿ ನಂಬಿಕೊಂಡ ಹಾಗಿತ್ತು.

ಎರಡನೇ ವರ್ಷದ ಮೊದಲಲ್ಲಿ ಲೆಕ್ಕದ ಮೇಷ್ಟ್ರು ತಂಗಿಯ ಪುಸ್ತಕ ನೋಡಿ ತಲೆ ಚಚ್ಚಿಕೊಂಡರು.

"ಗೋಡೆ ಕಟ್ಟೋಕೆ ಹೊರಟಿದೀಯಲ್ಲ, ಪಾಯ ಎಲ್ಲಮ್ಮ?"

"ಪಾಯ ಹಾಕೋ ದಿನ ನಾನು ರಜ, ಸರ್."

"ಹಾಗಾದ್ರೆ ನಾಳೆಯಿಂದ ಏಳು ಗಂಟೆಗೆ ಬಾ. ಹೋದ ವರ್ಷದ ಪುಸ್ತಕ ತಗೊಂಡು ಬಾ. ನಾಚಿಕೆ ಆದ್ರೆ ಹೆಸರು ಕಾಣದ ಹಾಗೆ ರಟ್ಟು ಹಾಕ್ಕೊಂಡು ಬಾ."

ರಟ್ಟು ಹಾಕಿಕೊಂಡೇ ಹೋದಳು. ಎಲ್ಲರೂ ಮುಂದಕ್ಕೆ ಓದುವಾಗ ಇವಳು ಮುಂದಕ್ಕೂ ಹಿಂದಕ್ಕೂ ಓದಿದಳು. ನಪಾಸಾದ ಎರಡು ಪರೀಕ್ಷೆಗಳನ್ನು ಮತ್ತೆ ಬರೆದು ಪಾಸು ಮಾಡಿದಳು. ಅಂಕಪಟ್ಟಿಯಲ್ಲಿ ಹಳೆಯ ಅಂಕ ಅಳಿಯಲಿಲ್ಲ, ಹೊಸದು ಅದರ ಕೆಳಗೆ ಸೇರಿತು. ಮೂರನೇ ವರ್ಷ ತರಗತಿಗೆ ಐದನೆಯವಳು, ನಾಲ್ಕನೇ ವರ್ಷ ಎರಡನೆಯವಳು. ಕಣ್ಣು ಪರೀಕ್ಷೆ ಕಲಿಸುವ ಕಾಲೇಜಿಗೆ ಸೇರಬೇಕೆಂಬ ಹಟ ಹುಟ್ಟಿದ್ದು ಅಮ್ಮನಿಗೆ ಕನ್ನಡಕ ಮಾಡಿಸಲು ಹೋದ ದಿನ. ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬಂದು, "ಈ ನೆಲ ಇಷ್ಟು ಕೊಳೆಯಾಗಿತ್ತೇನೆ? ನೀವು ಯಾರೂ ಹೇಳ್ಲಿಲ್ವಲ್ಲ," ಎಂದು ಅವತ್ತೇ ಪೊರಕೆ ಹಿಡಿದಿದ್ದಳು. ಮುಂದಿನ ಶನಿವಾರದಿಂದ ತಂಗಿ ಆ ಅಂಗಡಿಗೆ ಕೆಲಸಕ್ಕೆ ಹೋದಳು. ಅರ್ಜಿಗೆ ಅನುಭವವೂ ಆಯಿತು, ಯಜಮಾನರ ಶಿಫಾರಸು ಪತ್ರವೂ ಸಿಕ್ಕಿತು.

ಕಾಲೇಜು ನಾಲ್ಕೂ ವರ್ಷದ ಅಂಕ ನೋಡುತ್ತಿತ್ತು. ಅರ್ಜಿಯ ಕೊನೆಯಲ್ಲಿ ಒಂದು ಖಾಲಿ ಪುಟ. ಅದರ ನೆತ್ತಿಯ ಮೇಲೆ, ಯಾವುದೇ ವರ್ಷ ಅಂಕಗಳು ಕುಸಿದಿದ್ದರೆ ಕಾರಣವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಎಂದಿತ್ತು.

ತಂಗಿ ಬರೆದಳು. ಬರೆದು, ಯಂತ್ರದ ಮುಂದಿದ್ದ ಅಕ್ಕನ ಕೈಗೆ ತಂದು ಕೊಟ್ಟಳು. "ಆ ವರ್ಷ ನನ್ನ ಅಕ್ಕನಿಗೆ ಹೆರಿಗೆಯಾದ ಮೇಲೆ ಮನಸ್ಸು ಸರಿಯಿರಲಿಲ್ಲ. ಅಮ್ಮ ಕೆಲಸಕ್ಕೆ ಹೋಗಲೇಬೇಕಿತ್ತು. ಮಗುವನ್ನು ನಾನು ನೋಡಿಕೊಂಡೆ. ಅದು ಮಲಗಿದಾಗ ಓದುತ್ತಿದ್ದೆ, ಆದರೆ ಅದು ಹೆಚ್ಚು ಮಲಗುವ ಮಗುವಲ್ಲ." ಹೀಗೆ ಶುರುವಾಗಿತ್ತು.

ಅಕ್ಕ ಎರಡು ಸಲ ಓದಿದಳು.

"ಇದನ್ನ ಕಳಿಸ್ತೀಯಾ?"

"ನಿನ್ನ ಕೇಳ್ದೆ ಕಳಿಸ್ತೀನಾ? ಅದಕ್ಕೇ ಕೊಟ್ಟೆ."

"ಮನಸ್ಸು ಸರಿಯಿರಲಿಲ್ಲ ಅಂದ್ರೆ ಓದೋರು ಏನು ತಿಳ್ಕೋತಾರೆ? ಹುಚ್ಚು ಅಂತ ತಾನೆ?"

"ನಾನು ಹಾಗೆ ಬರ್ದಿಲ್ವಲ್ಲ ಅಕ್ಕ."

"ಬಿಡಿಸಿ ಬರೀಬೇಕಾ? ಇದು ನಮ್ಮತ್ತೆ ಕಿವಿಗೆ ಬಿತ್ತು ಅಂದ್ಕೋ. ಅವ್ರ ಬಾಯಿಗೆ ಬಿದ್ದದ್ದು ಊರೆಲ್ಲ ಸುತ್ಕೊಂಡೇ ಮನೆಗೆ ಬರೋದು. ನಾಳೆ ಮಗು ದೊಡ್ಡದಾಗಿ, ನೀನು ನನ್ನ ಎತ್ಕೊಳ್ಲೇ ಇಲ್ವಾ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ತಂಗಿ ಹಾಳೆಯನ್ನು ವಾಪಸು ತೆಗೆದುಕೊಂಡಳು. ಅಕ್ಕ ದನಿ ತಗ್ಗಿಸಿ, ತಂಗಿಯ ಜಡೆ ಸರಿಪಡಿಸುತ್ತಾ, "ಜ್ವರ ಅಂತ ಬರಿ ಪುಟ್ಟಾ. ಆಗ್ಲೂ ಶಾಲೆಗೆ ಅದನ್ನೇ ಅಲ್ವಾ ಹೇಳಿದ್ದು. ಈಗಿನ ನಿನ್ನ ಅಂಕ ನೋಡಿದ್ಮೇಲೆ ಆ ಪುಟ ಯಾರು ಓದ್ತಾರೆ?" ಎಂದಳು.

ಪ್ರೀತಿಯಿಂದಲೇ ಹೇಳಿದಳು. ಅದೇ ಕಷ್ಟ. ಬೈದು ಹೇಳಿದ್ದರೆ ತಂಗಿ ತಿರುಗಿ ಬೀಳುತ್ತಿದ್ದಳೋ ಏನೋ. ಹೊಸ ಹಾಳೆಯಲ್ಲಿ ಅವಳು ಒಂದೇ ಸಾಲು ಬರೆದಳು. ಆರೋಗ್ಯ ಸರಿಯಿರಲಿಲ್ಲ.

ಆ ಪುಟವನ್ನು ಓದಿದರು. ಸಂದರ್ಶನಕ್ಕೆ ಕರೆದಾಗ ಮೊದಲು ಕೇಳಿದ್ದೇ ಅದನ್ನು. ಅಕ್ಕ ನಾಲ್ಕು ವರ್ಷದ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಸೆಕೆಗೆಂದು ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಒಳಗಿನ ಒಂದೊಂದು ಮಾತೂ ಅವಳಿಗೆ ಕೇಳಿಸಿತು.

"ಇಷ್ಟು ದಿನ ಶಾಲೆಗೆ ಹೋಗಿಲ್ಲ. ಏನಾಗಿತ್ತಮ್ಮ?" ಹೆಂಗಸಿನ ದನಿ.

"ಜ್ವರ, ಮೇಡಂ."

"ಯಾವ ಜ್ವರ?"

ಕುರ್ಚಿ ಸರಿದ ಸದ್ದು.

"ಡಾಕ್ಟರ ಚೀಟಿ ಏನಾದ್ರೂ?"

"ಇಲ್ಲ ಮೇಡಂ."

ಒಬ್ಬರು ಗಂಡಸರು ಗಂಟಲು ಸರಿಮಾಡಿಕೊಂಡರು. ಹೆಂಗಸು ಬಿಡಲಿಲ್ಲ. ಅವರ ದನಿ ಇನ್ನೂ ಮೆತ್ತಗಾಯಿತು. "ಮನೇಲಿ ಏನಾದ್ರೂ ತೊಂದರೆ ಇತ್ತಾ? ಇದ್ರೆ ಹೇಳಬಹುದು. ನಿನ್ನ ಆಮೇಲಿನ ಮೂರು ವರ್ಷದ ಅಂಕ ನೋಡಿದ್ರೆ ಇದು ಬರೀ ಜ್ವರ ಅನ್ಸಲ್ಲ ನಂಗೆ."

ಅಕ್ಕ ಬೆಂಚಿನಿಂದ ಅರ್ಧ ಎದ್ದಳು. ನಾಲ್ಕು ಹೆಜ್ಜೆ. ಬಾಗಿಲು ತಳ್ಳಿ, ಕಾಯಿಲೆ ಬಿದ್ದದ್ದು ಅವಳಲ್ಲ, ನಾನು ಎಂದರೆ ಮುಗಿಯಿತು. ಮಡಿಲಿನ ಮಗು ನಿದ್ದೆಯಲ್ಲಿ ಮುಲುಗಿತು. ಮಗು ಎದ್ದುಬಿಡುತ್ತದೆ, ಅಂದುಕೊಂಡಳು. ಎದ್ದು ಅತ್ತರೆ ತಂಗಿಗೇ ತೊಂದರೆ, ಅಂದುಕೊಂಡಳು. ಅವಳೇ ಹೇಳುತ್ತಾಳೇನೋ, ಹೇಳಿದರೆ ಹೇಳಲಿ, ಅಂತಲೂ ಅಂದುಕೊಂಡಳು. ಮತ್ತೆ ಕೂತಳು.

"ಏನೂ ಇರ್ಲಿಲ್ಲ ಮೇಡಂ," ಎಂದಿತು ಒಳಗಿನ ದನಿ.

ಇಪ್ಪತ್ತು ದಿನಕ್ಕೆ ಕಾಗದ ಬಂತು. ಕೊಟ್ಟ ವಿವರಣೆ ತೃಪ್ತಿಕರವಾಗಿಲ್ಲ. ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ಓದಿದಳು, ತೆಗೆದೂ ಓದಿದಳು. "ಬರೋ ವರ್ಷ ಮತ್ತೆ ಹಾಕಿದ್ರಾಯ್ತು ಬಿಡೆ. ಕಾಲೇಜೇನು ಎದ್ದು ಓಡಿಹೋಗತ್ತಾ?"

"ಅರ್ಜೀಲಿ ಅದೇ ಪುಟ ಇರತ್ತಲ್ಲಮ್ಮ," ಎಂದಳು ತಂಗಿ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಕಣ್ಣಿಗೆ ಹೋಗಲು ಅಂದು ಬಹಳ ಹೊತ್ತು ಹಿಡಿಯಿತು.

ಬರೋ ವರ್ಷ ಬಂತು. ಅಷ್ಟು ಹೊತ್ತಿಗೆ ತಂಗಿ ಅಂಗಡಿಯಲ್ಲಿ ಪೂರ್ತಿ ದಿನದ ಕೆಲಸದವಳಾಗಿದ್ದಳು. ಈ ಸಲ ಹೇಳಿಬಿಡೋಣ ಎಂದು ಅಕ್ಕ ಎಷ್ಟೋ ಸಲ ಬಾಯಿ ತೆರೆದಳು. ಬಂದ ಮಾತುಗಳು ಬೇರೆಯವು. ಊಟ ಆಯ್ತಾ, ಬೆನ್ನು ನೋವು ಹೇಗಿದೆ, ಯಜಮಾನರು ಸಂಬಳ ಏರಿಸಿದರಾ. ಅರ್ಜಿ ಹಾಕುವ ದಿನ ದಾಟಿತು. ಅದರ ಮುಂದಿನ ವರ್ಷವೂ ದಾಟಿತು.

ಮೂರನೇ ವರ್ಷ ಮಗಳಿಗೆ ಸೀತಾಳೆ ಸಿಡುಬು ಎದ್ದು ಹನ್ನೊಂದು ದಿನ ಶಾಲೆ ತಪ್ಪಿತು. ರಜಾಚೀಟಿ ಬರೆದು ಕಳಿಸಿ ಎಂದರು ಟೀಚರಮ್ಮ. ಅಕ್ಕ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಟೀಚರಮ್ಮ ಬಾಗಿಲಲ್ಲೇ ಓದಿ, "ಸರಿ, ತಪ್ಪಿದ ಪಾಠ ನಾನು ಹೇಳ್ಕೊಡ್ತೀನಿ," ಎಂದು ಚೀಟಿಯನ್ನು ರಿಜಿಸ್ಟರಿನೊಳಗೆ ಇಟ್ಟುಕೊಂಡರು. ಅಷ್ಟೇ. ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಅಕ್ಕ ಅದನ್ನೇ ಎಣಿಸಿದಳು. ಒಂದು ಹಾಳೆ, ಐದು ನಿಮಿಷ.

ಆ ವಾರವೇ ಕೂತು ನಾಲ್ಕು ಪುಟ ಬರೆದಳು. ತನ್ನ ಕಾಯಿಲೆಯ ಹೆಸರನ್ನು ಡಾಕ್ಟರಮ್ಮ ಹೇಳಿದ ಹಾಗೇ ಬರೆದಳು. ಜ್ವರ ಎಂದು ಬರೆಸಿದ್ದು ತಾನೇ ಎಂದೂ ಬರೆದಳು. ಬುಧವಾರ ಅವಳ ಉಡುಪಿನ ಅಂಗಡಿಗೆ ರಜೆ. ಯಾರಿಗೂ ಹೇಳದೆ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಕಾಲೇಜಿಗೆ ಹೋದಳು.

ಕಚೇರಿಯಲ್ಲಿದ್ದ ನರೆಗೂದಲ ಹೆಂಗಸು ಪತ್ರವನ್ನು ನಿಂತು ಓದಲು ತೊಡಗಿ, ಎರಡನೇ ಪುಟಕ್ಕೆ ಕುರ್ಚಿ ಎಳೆದುಕೊಂಡು ಕೂತರು.

"ಪಾಸಾಗಿ ಎಷ್ಟು ವರ್ಷ ಆಯ್ತಮ್ಮ ನಿಮ್ಮ ತಂಗಿ?"

"ಇದು ಮೂರನೇದು."

"ಎರಡು ವರ್ಷದೊಳಗೆ ಪಾಸಾದೋರ ಅರ್ಜಿ ಮಾತ್ರ ತಗೊಳ್ಳೋದು ನಾವು." ಅವರು ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ, ಮೇಜಿನ ಮೇಲಿಟ್ಟರು. "ಇದನ್ನ ಆವಾಗ್ಲೇ ಬರ್ದಿದ್ರೆ ಸಾಕಿತ್ತು. ಇಂಥದ್ದಕ್ಕೇ ಅಲ್ವಾ ಆ ಪುಟ ಇರೋದು. ಆ ವರ್ಷ ಇಬ್ಬರಿಗೆ ಹೀಗೇ ಮನೆ ಕಷ್ಟ ನೋಡಿ ಸೀಟು ಕೊಟ್ರು. ಒಬ್ಳು ಅಪ್ಪನ್ನ ನೋಡ್ಕೊಂಡಿದ್ಳು, ಇನ್ನೊಬ್ಬಳದು ಅಮ್ಮನ ವಿಷ್ಯ."

"ಯಾರೂ ಏನೂ ಅನ್ಕೊಳ್ಲಿಲ್ವಾ ಮೇಡಂ?"

ಹೆಂಗಸಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಏನು ಅನ್ಕೋಬೇಕು?" ಎಂದರು.

ಅಕ್ಕ ನೇರ ಕನ್ನಡಕದ ಅಂಗಡಿಗೆ ಹೋದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಯಜಮಾನರು ಊಟಕ್ಕೆ ಹೋಗಿದ್ದರು. ತಂಗಿ ಒಬ್ಬಳೇ ಕೌಂಟರಿನ ಹಿಂದೆ ಸಣ್ಣ ತಿರುಪೊಂದನ್ನು ಬಿಗಿ ಮಾಡುತ್ತಿದ್ದಳು. ಅಕ್ಕ ಪತ್ರವನ್ನು ಅವಳ ಮುಂದಿಟ್ಟು, ಎಲ್ಲಿಗೆ ಹೋಗಿದ್ದೆ, ಏನಂದರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ತಂಗಿ ನಾಲ್ಕು ಪುಟವನ್ನೂ ಓದಿದಳು. ಗಾಜು ನೋಡುವ ಹಾಗೆ, ಹತ್ತಿರ ಹಿಡಿದು. ಆಮೇಲೆ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಒಂದು ಕಡೆ ಗುರುತು ಹಾಕಿದಳು.

"ಸುಮಾರು ಎರಡು ತಿಂಗಳು ಅಂತ ಬರ್ದಿದೀಯ. ಎಂಬತ್ತೆರಡು ದಿನ ಅದು. ಶಾಲೆ ಇದ್ದ ದಿನ ಮಾತ್ರ ಲೆಕ್ಕ ಹಿಡಿದ್ರೆ."

"ನೀನು ಎಣಿಸಿದ್ದು ನಂಗೆ ಗೊತ್ತಿರ್ಲಿಲ್ಲ ಕಣೆ."

"ಕೇಳ್ಲಿಲ್ವಲ್ಲ ನೀನು."

ಅಕ್ಕನ ಕಣ್ಣಲ್ಲಿ ನೀರಾಡಿತು. ಎಲ್ಲ ನನ್ನಿಂದ, ಆ ಕಾಯಿಲೆ ಒಂದು ಬರದೆ ಹೋಗಿದ್ದರೆ ನೀನೀಗ ಒಳಗಿನ ಕೋಣೆಯಲ್ಲಿ ಕೂತಿರುತ್ತಿದ್ದೆ ಎಂದಳು. ತಂಗಿ ತಲೆ ಅಲ್ಲಾಡಿಸಿದಳು. ಕೌಂಟರಿನ ಮೇಲೆ ಕನ್ನಡಕ ಒರೆಸುವ ಬಟ್ಟೆಗಳ ಕಟ್ಟಿತ್ತು. ಒಂದನ್ನು ತೆಗೆದು ಅಕ್ಕನ ಕೈಗೆ ಕೊಟ್ಟಳು.

"ಅದಕ್ಕೆ ನಂಗೆ ಬೇಜಾರಿಲ್ಲ ಅಕ್ಕ. ಯಾವತ್ತೂ ಇರ್ಲಿಲ್ಲ. ಆಗ ನಿಂಗೆ ಹುಷಾರಿರ್ಲಿಲ್ಲ." ದನಿ ಏರಿಸದೆ ಹೇಳಿದಳು. "ಆ ಬೆಂಚಿನ ಮೇಲೆ ಕೂತಾಗ ಹುಷಾರಾಗಿದ್ಯಲ್ಲ."

ಬಾಗಿಲು ತೆರೆದು ಮುದುಕರೊಬ್ಬರು ಒಳಗೆ ಬಂದರು. ಕಣ್ಣು ಪರೀಕ್ಷೆ ಆಗಬೇಕಿತ್ತು ಎಂದರು. ತಂಗಿ ಅವರಿಗೆ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ ತಾತ. ಅದನ್ನ ನಾನು ಮಾಡೋ ಹಾಗಿಲ್ಲ. ಯಜಮಾನರು ಬರ್ತಾರೆ."