ಖಾಲಿ ಡಬ್ಬಿಯೊಳಗಿನ ಗ್ರೀಕ್ ಅಕ್ಷರ

ಲುಂಬಿನಿಗೆ ಅಕ್ಷರ ಬಂದದ್ದು ಸ್ಲೇಟಿನಿಂದಲ್ಲ, ಶಹಾಬಾದಿನ ಪರಸಿಕಲ್ಲಿನಿಂದ. ಅಪ್ಪ ಭೀಮಶ್ಯಾ ಕಲ್ಲು ಕೆತ್ತುವವನು. ಒಡೆದ ಚೂರುಗಳ ಮೇಲೆ ಅ, ಆ ಕೆತ್ತಿ, ಮಗಳ ಬೆರಳು ಹಿಡಿದು ಆ ಗೀರಿನೊಳಗೆ ಓಡಾಡಿಸಿ ಕಲಿಸಿದ. ತಾನು ಓದಿದ್ದು ಅಷ್ಟಕ್ಕಷ್ಟೆ. ಆದರೆ ಕನ್ನಡ, ಉರ್ದು, ತೆಲುಗು ಯಾವುದನ್ನು ಬರೆದುಕೊಟ್ಟರೂ ಕೂದಲೆಳೆಯಷ್ಟೂ ತಪ್ಪದೆ ಕಲ್ಲಿಗಿಳಿಸುತ್ತಿದ್ದ. ಇವತ್ತು ಸೇಡಂನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಆಗಿದ್ದರೂ, ಅಕ್ಷರ ಎಂದರೆ ಅವಳಿಗೆ ಮೊದಲು ನೆನಪಾಗುವುದು ಬೆರಳ ತುದಿಗೆ ಹತ್ತುತ್ತಿದ್ದ ಆ ಕಲ್ಲಿನ ಪುಡಿ.

ಸೇಡಂನ ಬುದ್ಧ ವಿಹಾರಕ್ಕೊಂದು ವೆಬ್ ಪುಟ ಮಾಡಿಕೊಡು ಎಂದು ಅಲ್ಲಿನ ಹಿರಿಯ ಸಂಘಪಾಲ ಕೇಳಿದಾಗ ಅವಳು ಹಿರಿಹಿರಿ ಹಿಗ್ಗಿದಳು. ಅಶೋಕನ ಶಾಸನ ಚಿತ್ತಾಪುರ ಕಡೆಯ ಸನ್ನತಿಯಲ್ಲೇ ಇದೆ, ಅದು ಎಲ್ಲರಿಗೂ ಗೊತ್ತು. ಅದೇ ಅಶೋಕ ದೂರದ ಕಂದಹಾರದಲ್ಲಿ ಗ್ರೀಕರಿಗಾಗಿ ಗ್ರೀಕಿನಲ್ಲೇ ಬರೆಸಿದ್ದು, ಧಮ್ಮಕ್ಕೆ ಅವರದೇ ಒಂದು ಮಾತು ಹುಡುಕಿಕೊಟ್ಟದ್ದು ಎಷ್ಟು ಜನಕ್ಕೆ ಗೊತ್ತು? ಆ ಮಾತು εὐσέβεια, ಎವುಸೆಬೇಯ. ಅದನ್ನೇ ಪುಟದ ನೆತ್ತಿಯಲ್ಲಿ ದೊಡ್ಡದಾಗಿ ಕೂರಿಸಿದಳು. ತನ್ನ ಕಂಪ್ಯೂಟರಿನಲ್ಲಿ ನೋಡಿದಳು. ಆಹಾ, ಏನು ಚೆಂದ! ಬೇರೆಯವರ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವ ಗೋಜಿಗೇ ಹೋಗಲಿಲ್ಲ. ದಿನಾ ಮಕ್ಕಳಿಗೆ ಹೇಳುವ ಪಾಠ, ಮೇಡಂಗೇ ಮರೆತಿತ್ತು.

ಆ ಮಾತು ಕಲ್ಲಿನ ಮೇಲೂ ಇರಲಿ, ಬುದ್ಧ ಪೂರ್ಣಿಮೆಗೆ ವಿಹಾರದ ಬಾಗಿಲಲ್ಲಿ ಕೂರಿಸೋಣ ಎಂದ ಸಂಘಪಾಲ. ಭೀಮಶ್ಯಾನ ಕಣ್ಣು ಮಬ್ಬಾಗುತ್ತ ಬಂದಿತ್ತು. ಉಳಿ ಕೆಳಗಿಡು ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ, "ಇದೊಂದು ಕಡೀ ಕಲ್ಲು. ನನ್ನ ಮಗಳ ಪುಟದಾಗಿಂದು, ನಾನೇ ಕೆತ್ತತೀನಿ" ಎಂದು ಹಟ ಹಿಡಿದ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಕೆಲಸಕ್ಕೆ ಕೂತ.

ಕಲ್ಲು ತರಲು ಶಹಾಬಾದಿಗೆ ಅಪ್ಪನ ಬಳಿ ಹೋದ ಲುಂಬಿನಿ ಕೆತ್ತನೆಯ ಮೇಲೆ ಬಗ್ಗಿ ನೋಡಿದಳು. ಎರಡನೆಯ ಅಕ್ಷರದ ಜಾಗದಲ್ಲಿ ನಾಲ್ಕು ಗೆರೆಯ ಒಂದು ಖಾಲಿ ಡಬ್ಬಿ. ನಾಲ್ಕನೆಯದರ ಜಾಗದಲ್ಲೂ ಖಾಲಿ ಡಬ್ಬಿ. ಎಷ್ಟು ನೀಟಾಗಿ ಕೆತ್ತಿದ್ದ, ಮಹರಾಯ!

"ಅಪ್ಪಾ, ಇದೇನಿದು?"

"ಅಕ್ಷರ. ನಿನ್ನ ಪುಟದಾಗ ಹಾಂಗೇ ಅದ, ನೋಡು."

ಹಾಗೇ ಇತ್ತು. ನೆತ್ತಿಯ ಮೇಲೆ ಸಣ್ಣ ಗುರುತು ಹೊತ್ತ ಹಳೆಯ ಗ್ರೀಕ್ ಅಕ್ಷರಗಳು ಅವನ ಹಳೆಯ ಫೋನಿನಲ್ಲಿ ಇರಲೇ ಇಲ್ಲ. ಇಲ್ಲದ ಅಕ್ಷರದ ಬದಲಿಗೆ ಫೋನು ಡಬ್ಬಿ ತೋರಿಸಿತ್ತು.

"ಒಂದ್ ಮಾತು ಕೇಳಬಾರದೇನಪ್ಪಾ? ಖಾಲಿ ಡಬ್ಬಿ ಎಲ್ಲಾದ್ರೂ ಅಕ್ಷರ ಆಗ್ತದೇನು?" ಎಂದು ಸಿಡುಕಿದಳು.

"ಗ್ರೀಕರದು ನನಗೇನ್ ಗೊತ್ತವ್ವಾ? ನೀ ಬರ್ದೀದಿ. ನೀ ಬರ್ದಿದ್ದು ತಪ್ಪಿರ್ತದಂತ ನನಗ್ಯಾಕ ಅನಸ್ತದ?"

ಲುಂಬಿನಿಗೆ ಅಳು ಒತ್ತರಿಸಿ ಬಂತು. ಅಪ್ಪನ ಕಡೆಯ ಕಲ್ಲು, ಹಾಳು ಮಾಡಿದ್ದು ತಾನು. ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆಗೆದಳು. ಯಾವ ಫೋನಿಗೆ ಹೋದರೂ ಬುತ್ತಿಯಂತೆ ಜೊತೆಗೇ ಇರಲಿ ಎಂದು ಗ್ರೀಕ್ ಫಾಂಟನ್ನು ಪುಟದೊಳಗೇ ಕಟ್ಟಿಟ್ಟಳು. ಮತ್ತೆ ತೆರೆದಾಗ ಅಪ್ಪನ ಫೋನಿನಲ್ಲಿ ಎರಡೂ ಅಕ್ಷರ ಬಂದು ಕೂತಿದ್ದವು.

ಭೀಮಶ್ಯಾ ಕಲ್ಲಿನ ಡಬ್ಬಿಯನ್ನು ತಡವಿ ನೋಡಿದ. ಗೊಳ್ಳೆಂದು ನಕ್ಕ.

"ಅಳಬ್ಯಾಡ. ಗೆರಿ ಅಷ್ಟೇ ಹೊಡದೀನಿ, ಒಳಗ ಕಲ್ಲು ಹಾಂಗೇ ಉಳದಾದ. ಆದ್ರ ಆ ಸಣ್ಣ ಕೊಂಕು ನನ್ನ ಕಣ್ಣಿಗಿ ಹತ್ತಂಗಿಲ್ಲ. ನೀನೇ ತೋರ್ಸು."

ಲುಂಬಿನಿ ಡಬ್ಬಿಯೊಳಗೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಳು. ಅಪ್ಪನ ಒರಟು ಬೆರಳು ಹಿಡಿದು ಅದರ ಮೇಲೆ ನಿಧಾನ ಓಡಾಡಿಸಿದಳು, ಮತ್ತೊಮ್ಮೆ, ಮತ್ತೊಮ್ಮೆ.

"ಸಿಕ್ತು. ಬಿಡು ಕೈ" ಎಂದು ಅವನು ಉಳಿ ಎತ್ತಿಕೊಂಡ.

ಪೂರ್ಣಿಮೆಯ ಬೆಳಿಗ್ಗೆ ಕಲ್ಲು ಬಾಗಿಲಲ್ಲಿ ನಿಂತಿತು. ಎರಡು ಅಕ್ಷರಕ್ಕೆ ಮಾತ್ರ ಚೌಕಟ್ಟು ಯಾಕೆ ಎಂದು ಸಂಘಪಾಲ ಕೇಳಿದ.

"ಅವೆರಡೂ ತಡ ಮಾಡಿ ಬಂದ್ವು ರೀ. ಬಸ್ಸಿನಾಗ ಟವೆಲ್ ಹಾಕ್ತೀವಲ್ಲ, ಹಾಂಗ ಜಾಗಾ ಹಿಡದಿಟ್ಟಿದ್ದೆ" ಎಂದ ಭೀಮಶ್ಯಾ.

ಎಲ್ಲರೂ ನಕ್ಕರು. ಲುಂಬಿನಿ ನಗಲಿಲ್ಲ. ಇಂಥ ಅಪ್ಪ ಸಿಕ್ಕನಲ್ಲ ಎಂದು ಅವಳ ಎದೆ ತುಂಬಿ ಬಂದಿತ್ತು. ಜನ ಒಳಗೆ ಹೋದ ಮೇಲೆ ಡಬ್ಬಿಯೊಳಗಿನ ಗೀರಿನಲ್ಲಿ ಬೆರಳು ಓಡಿಸಿದಳು. ಬೆರಳ ತುದಿಗೆ ಕಲ್ಲಿನ ಪುಡಿ ಹತ್ತಿತು.