ಅಂಬಿಗ ಕುಪ್ಪನ ಶಾಸನ

ಶರಾವತಿಗೆ ಸೇತುವೆಯಿಲ್ಲದ ಕಾಲ. ಹೊನ್ನಾವರದ ದೋಣಿಗಟ್ಟೆಯಾದ ತಾರಿಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗ ಕುಪ್ಪನಿಗೆ ರಾಜ್ಯವೆಂದರೆ ಒಂದು ದೋಣಿ, ರಾಜದಂಡವೆಂದರೆ ಒಂದು ಬಿದಿರಿನ ಗಳ. ಮುಖದ ತುಂಬ ಸಿಡುಬಿನ ಕಲೆ. ಎಳವೆಯ ಆ ಯುದ್ಧದಲ್ಲಿ ಅವನೊಬ್ಬ ಗೆದ್ದಿದ್ದ, ತಮ್ಮಂದಿರಿಬ್ಬರು ಸೋತಿದ್ದರು.

ಐವತ್ತೆಂಟರ ಬೇಸಿಗೆಯಲ್ಲಿ ಕುಮಟೆಯ ಕಡೆ ಸಿಡುಬು ಎದ್ದಿದೆಯೆಂದು ಸುದ್ದಿ ಬಂತು. ಚುಚ್ಚುಮದ್ದು ಹಾಕಲು ಸರಕಾರದ ಅಣ್ಣಪ್ಪ ಮಾಸ್ತರು ಸೂಜಿಪೆಟ್ಟಿಗೆ ಹಿಡಿದು ತಾರಿಯ ಚಪ್ಪರದಡಿ ಕುಳಿತರು. ಬಾರದ ರೋಗಕ್ಕೆ ಗಾಯವೇಕೆಂದು ಜನ ನಕ್ಕರು. ಮಾಸ್ತರು ಬೇಡಿಕೊಂಡರು. ಕುಪ್ಪ ಬೇಡುವವನಲ್ಲ. ಆಚೆ ದಡದಲ್ಲಿ ಮಗಳು ದೇವಿ ಹೆತ್ತು ಮಲಗಿದ್ದಳು. ಅಲ್ಲಿಗೆ ಸೂಜಿ ಇನ್ನೂ ಹೋಗಿರಲಿಲ್ಲ. ಹೊರಟಿತು ಚಕ್ರವರ್ತಿಯ ಶಾಸನ: ತೋಳಲ್ಲಿ ಚುಚ್ಚಿನ ಗುರುತಿಲ್ಲದವರಿಗೂ ಮೈಬಿಸಿಯಿದ್ದವರಿಗೂ ದೋಣಿಯಿಲ್ಲ. ಮೀನು ಮಾರುವ ಬಂಗಾರಿ ಅವನ ಏಳು ತಲೆಮಾರನ್ನು ಬೈಯುತ್ತಲೇ ತೋಳು ಒಡ್ಡಿದಳು.

ಅಷ್ಟರಲ್ಲಿ ಹಳದೀಪುರದಿಂದ ಗಣಪಯ್ಯನವರ ಮಗನ ದಿಬ್ಬಣ ಬಂತು. ತಾರಿಯ ಗುತ್ತಿಗೆ ಗಣಪಯ್ಯನವರದೇ. ಕುಪ್ಪ ಅವರ ಆಳು.

"ದೋಣಿ ಬಿಡೋ ಕುಪ್ಪಾ, ಮುಹೂರ್ತ ಮೀರ್ತದೆ."

"ತೋಳು ತೋರ್ಸಿ, ಒಡೆಯಾ."

"ನನ್ನ ದೋಣಿ ಹತ್ತೂಕೆ ನಾ ನಿಂಗೆ ತೋಳು ತೋರ್ಸೂದಾ? ನಾಳಿಂದ ನೀ ಇಲ್ಲಿ ಬೇಡ!"

"ಆತು, ನಾಳಿಂದ ಬೇಡ. ಇವತ್ತು ನಾನೇ ಅಲ್ದಾ?"

ಕುಪ್ಪ ಗಳವನ್ನು ತೊಡೆಯ ಮೇಲೆ ಅಡ್ಡವಿಟ್ಟು ದೋಣಿಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ. ಬಂಗಾರಿಯೂ ಬುಟ್ಟಿ ಇಳಿಸಿ ಕುಳಿತಳು. ಇಂಥ ಆಟ ಬಿಟ್ಟು ಮೀನು ಮಾರುವವರುಂಟೇ?

"ಹೆದ್ರೂದು ಎಂತಕೆ ಒಡೆಯಾ, ಚಿಗಳಿ ಇರುವೆ ಕಚ್ಚಿದ ಹಾಂಗೆ ಅಷ್ಟೆ!" ಎಂದಳು.

ದಡವೆಲ್ಲ ನಕ್ಕಿತು. ಮುಹೂರ್ತದ ಚಿಂತೆ ಹತ್ತಿದ್ದ ಮದುಮಗನೇ ಮೊದಲು ರೇಷ್ಮೆ ಅಂಗಿಯ ತೋಳು ಮಡಚಿದ. ಹಿಂದೆಯೇ ದಿಬ್ಬಣ ಸಾಲು ಹಿಡಿಯಿತು. ಕೊನೆಗೆ ಉಳಿದದ್ದು ಗಣಪಯ್ಯನವರು. ಸೂಜಿ ತಾಗಿದಾಗ ಅವರು ಕೂಗಿದ ಕೂಗಿಗೆ, ಹೊರಡುವ ಅಪ್ಪಣೆಯಾಯಿತೆಂದು ಓಲಗದವ ಊದಿಯೇಬಿಟ್ಟ.

ದೋಣಿಯಲ್ಲಿ ಮಾಸ್ತರನ್ನೂ ಕೂರಿಸಿಕೊಂಡು ದಾಟಿಸಿದ ಕುಪ್ಪ, ಆಚೆ ದಡದಲ್ಲಿ ಗಳವನ್ನು ಗಣಪಯ್ಯನವರ ಕೈಗಿತ್ತ.

"ನಾಳಿಂದ ನಾ ಬೇಡ ಅಂದ್ರಲ್ಲ, ಮಗಳ ಮನೆಗೆ ಹೋಗ್ತೆ. ನಾಳೆ ಮದುಮಗಳ ಕರ್ಕಂಡು ವಾಪಸ್ ಹೋಗೂಕೆ ನಿಮಗೆ ಈಸೂಕೆ ಬತ್ತದಲ್ಲ?"

ಊಟದೆಲೆ ಎತ್ತುವ ಮೊದಲೇ ಅವನನ್ನು ಕರೆತರಲು ಆಳು ಓಡಿದ. ದೇವಿಯ ಕೇರಿಗೆಲ್ಲ ಚುಚ್ಚು ಮುಗಿಯುವವರೆಗೂ ಕುಪ್ಪ ಏಳಲಿಲ್ಲ.

ಸಿಡುಬು ಹೊನ್ನಾವರದವರೆಗೆ ಬಂತು, ಹೊಳೆ ದಾಟಲಿಲ್ಲ. ತಾರಿಯ ಆ ಕಟ್ಟುನಿಟ್ಟು ತಮ್ಮದೇ ಆಜ್ಞೆಯೆಂದು ಗಣಪಯ್ಯನವರು ತೋಳಿನ ಕಲೆ ತೋರಿಸಿ ಹೇಳಿಕೊಂಡು ತಿರುಗಿದರು. ಒಂದು ದಿನ ಅವರು ದೋಣಿ ಹತ್ತಿದಾಗ ಕುಪ್ಪ ಗಳ ಊರುತ್ತ, ತುಂಬಿದ ದೋಣಿಯಲ್ಲೇ ಕೇಳಿದ:

"ಹಾಂಗಾರೆ ಅಂದು ಸೂಜಿಗೆ ಕೂಗಿದ್ದು ಯಾರು, ಒಡೆಯಾ?"